ಸಂತ ಜಾನ್ ಹೆನ್ರಿ ನ್ಯೂಮನ್: ವಿಶ್ವವಿದ್ಯಾಲಯ ಕಟ್ಟಹೊರಟ ಗುರು

2025ರ ನವೆಂಬರ್ 1ರಂದು, ಸಕಲ ಸಂತರ ಮಹೋತ್ಸವದ ದಿನ, ಜಗದ್ಗುರು 14ನೇ ಲಿಯೋ ಅವರು ಆಂಗ್ಲ ಗುರುವೊಬ್ಬರನ್ನು ಧರ್ಮಸಭೆಯ ಪಂಡಿತರೆಂದು ಘೋಷಿಸಿದರು. ಅದರೊಡನೆ, ಸಂತ ತೋಮಸ್ ಅಕ್ವಿನಾಸರ ಜೊತೆಯಲ್ಲಿ ಧರ್ಮಸಭೆಯ ಶಿಕ್ಷಣ ಸೇವೆಗೆ ಅವರನ್ನು ಸಹಪಾಲಕರನ್ನಾಗಿಯೂ ನೇಮಿಸಿದರು. ಆ ಗುರುವೇ ಕಾರ್ಡಿನಲ್ ಜಾನ್ ಹೆನ್ರಿ ನ್ಯೂಮನ್. ಅವರ ಜೀವನವೃತ್ತಾಂತವನ್ನು ಬಲ್ಲವರಿಗೆ ಈ ಎರಡನೆಯ ಗೌರವದಲ್ಲಿ ಒಂದು ವಿಸ್ಮಯ ಕಾಣದಿರದು. ನ್ಯೂಮನ್ ಅವರು ತಮ್ಮ ದೀರ್ಘಾಯುಷ್ಯದಲ್ಲಿ ಮುನ್ನಡೆಸಿದ್ದು ಒಂದೇ ಒಂದು ವಿಶ್ವವಿದ್ಯಾಲಯವನ್ನು. ಅದು ಬಾಗಿಲು ತೆರೆದ ನಾಲ್ಕು ವರ್ಷಗಳಲ್ಲೇ ಅವರು ರಾಜೀನಾಮೆ ನೀಡಿ ಮರಳಿದರು. ಅವರು ಹೊರಟ ಮೇಲೆ ಆ ಸಂಸ್ಥೆ ಎರಡು ದಶಕಗಳ ಕಾಲ ಕುಟುಕು ಜೀವ ಹಿಡಿದುಕೊಂಡಿತ್ತಷ್ಟೆ. ಲೆಕ್ಕಪತ್ರ ನೋಡುವವರ ಕಣ್ಣಿಗೆ ಅದೊಂದು ಸೋಲು. ಅಂಥವರನ್ನು ಧರ್ಮಸಭೆ ತನ್ನ ಶಾಲೆ ಕಾಲೇಜುಗಳಿಗೆ ಪಾಲಕರೆಂದು ಆರಿಸಿಕೊಂಡದ್ದೇಕೆ?

ನ್ಯೂಮನ್ ಕನ್ನಡಿಗರಿಗೆ ಅಪರಿಚಿತರಲ್ಲ. ಪರಿಚಯವಿದ್ದೂ ಹೆಸರು ತಿಳಿಯದವರು ಹಲವರು. ಮೈಸೂರು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ. ಶ್ರೀಕಂಠಯ್ಯನವರು ತಮ್ಮ 'ಇಂಗ್ಲಿಷ್ ಗೀತಗಳು' ಸಂಕಲನದಲ್ಲಿ ಕನ್ನಡಕ್ಕೆ ತಂದ, ದಾರಿ ತೋರುವ ಬೆಳಕನ್ನು ಕುರಿತ ಆ ಪ್ರಾರ್ಥನಾಗೀತೆಯ ಮೂಲಕರ್ತೃ ಇವರೇ. ನಾಡಿನ ಶಾಲೆಗಳಲ್ಲಿ ಎಲ್ಲ ಮತಧರ್ಮಗಳ ಮಕ್ಕಳೂ ಅದನ್ನು ತಮ್ಮದೆಂದೇ ಹಾಡುತ್ತ ಬಂದಿದ್ದಾರೆ. ಮಹಾತ್ಮ ಗಾಂಧಿಯವರಿಗೂ ಮೂಲಗೀತೆ ಅತ್ಯಂತ ಪ್ರಿಯವಾಗಿತ್ತು. 1833ರ ಜೂನ್ 16ರಂದು ಮೆಡಿಟರೇನಿಯನ್ ಸಮುದ್ರದಲ್ಲಿ ಗಾಳಿಯಿಲ್ಲದೆ ನಿಂತ ಹಡಗಿನಲ್ಲಿ, ಸಿಸಿಲಿಯ ವಿಷಮಜ್ವರದಿಂದ ಆಗತಾನೇ ಚೇತರಿಸಿಕೊಂಡಿದ್ದ 32ರ ಯುವಕ ಅದನ್ನು ಬರೆದರು. ಆಗ ಅವರಿನ್ನೂ ಕಥೋಲಿಕರಾಗಿರಲಿಲ್ಲ. ಆಂಗ್ಲಿಕನ್ ಸಭೆಯ ಯಾಜಕರಾಗಿದ್ದರು.

ಅವರು ಹುಟ್ಟಿದ್ದು 1801ರ ಫೆಬ್ರವರಿ 21ರಂದು, ಲಂಡನ್ ನಗರದಲ್ಲಿ. ತಂದೆ ಬ್ಯಾಂಕಿನ ಪಾಲುದಾರರು; ತಾಯಿ ಫ್ರಾನ್ಸಿನಿಂದ ವಲಸೆ ಬಂದ ಹ್ಯೂಗನಾಟ್ ಮನೆತನದವರು. ಆರು ಮಕ್ಕಳಲ್ಲಿ ಇವರೇ ಹಿರಿಯರು. 1816ರ ಮಾರ್ಚ್‌ನಲ್ಲಿ, ಯುದ್ಧಾನಂತರದ ಆರ್ಥಿಕ ಕುಸಿತದಲ್ಲಿ, ತಂದೆಯ ಬ್ಯಾಂಕು ಹಣ ಪಾವತಿಯನ್ನು ನಿಲ್ಲಿಸಿತು. ಮನೆಯವರು ಲಂಡನ್ ಬಿಟ್ಟರು, ತಂದೆ ಮದ್ಯ ತಯಾರಿಕೆಯ ಕಸುಬಿಗೆ ಕೈಹಾಕಿದರು, ಅದೂ ಕೈಹಿಡಿಯದೆ 1821ರಲ್ಲಿ ದಿವಾಳಿಯೆಂದು ಘೋಷಿತರಾದರು. ಉದ್ಯಮವೊಂದು ಮುಚ್ಚಿದಾಗ ಮನೆಯೊಳಗೆ ಏನಾಗುತ್ತದೆ ಎಂಬುದನ್ನು ಪೀಣ್ಯದ ಕುಟುಂಬಗಳಿಗೆ ನಾನು ವಿವರಿಸಬೇಕಾಗಿಲ್ಲ. ಶಾಲೆಯಲ್ಲೇ ಉಳಿದು ಕಾಯಿಲೆ ಬಿದ್ದ ಹದಿನೈದರ ಹುಡುಗನಿಗೆ ಆ ವರ್ಷವೇ ದೇವರ ಇರವು ತನ್ನ ಇರವಿನಷ್ಟೇ ನಿಚ್ಚಳವಾಗಿ ಅನುಭವಕ್ಕೆ ಬಂದಿತು. ಆ ನಿಶ್ಚಯ ಅವರನ್ನು ಎಂದೂ ಬಿಟ್ಟುಹೋಗಲಿಲ್ಲ. ಅದೇ ಡಿಸೆಂಬರ್‌ನಲ್ಲಿ ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜಿನ ದಾಖಲಾತಿ ಪುಸ್ತಕದಲ್ಲಿ ಅವರ ಹೆಸರು ಸೇರಿತು.

ಮುಂದಿನ ಸಂಗತಿಯನ್ನು ಪರೀಕ್ಷಾ ಫಲಿತಾಂಶದ ಋತುವಿನಲ್ಲಿ ನಮ್ಮ ಮನೆಗಳಲ್ಲಿ ನೆನೆಯುವುದು ಒಳಿತು. ಕುಟುಂಬದ ಆಸೆಯನ್ನೆಲ್ಲ ಹೆಗಲ ಮೇಲೆ ಹೊತ್ತಿದ್ದ ಆ ವಿದ್ಯಾರ್ಥಿ 1820ರ ಅಂತಿಮ ಪರೀಕ್ಷೆಗಾಗಿ ದಿನಕ್ಕೆ ಹನ್ನೆರಡು ಗಂಟೆಗಳಷ್ಟು ಓದಿ, ಪರೀಕ್ಷಕರ ಮುಂದೆ ನಿಂತಾಗ ದಣಿವಿನಿಂದ ಮನಸ್ಸು ಬರಿದಾಗಿ ಕುಸಿದುಹೋದರು. ಗಣಿತದಲ್ಲಿ ಯಾವ ಶ್ರೇಣಿಯೂ ದೊರೆಯಲಿಲ್ಲ. ಪ್ರಾಚೀನ ಭಾಷೆಗಳಲ್ಲಿ ದ್ವಿತೀಯ ಶ್ರೇಣಿಯ ಕೆಳತುದಿಯಲ್ಲಿ ಹೆಸರು ಕಾಣಿಸಿತು. ಎರಡು ವರ್ಷಗಳ ಮೇಲೆ, ಬಹುಮಂದಿ ಹಿತೈಷಿಗಳು ಬೇಡವೆಂದರೂ, ಅವರು ಓರಿಯಲ್ ಕಾಲೇಜಿನ ಫೆಲೋ ಸ್ಥಾನಕ್ಕೆ ಸ್ಪರ್ಧಿಸಿದರು. ಆಕ್ಸ್‌ಫರ್ಡಿನಲ್ಲಿ ಅದಕ್ಕಿಂತ ದೊಡ್ಡ ಮನ್ನಣೆ ಆಗ ಇರಲಿಲ್ಲ. ಆದರೆ ಓರಿಯಲ್ ಮಂದಿ ಶ್ರೇಣಿಯ ಪಟ್ಟಿಯನ್ನು ಬದಿಗಿರಿಸಿ, ಅಭ್ಯರ್ಥಿ ಹೇಗೆ ಆಲೋಚಿಸುತ್ತಾನೆಂಬುದನ್ನು ನೋಡುವ ರೂಢಿಯವರು. 1822ರ ಏಪ್ರಿಲ್ 12ರಂದು ಆಯ್ಕೆಯ ಸುದ್ದಿ ಹೊತ್ತು ಕಾಲೇಜಿನ ಸೇವಕ ಬಂದಾಗ ನ್ಯೂಮನ್ ತಮ್ಮ ಕೋಣೆಯಲ್ಲಿ ಪಿಟೀಲು ನುಡಿಸುತ್ತಿದ್ದರು. ಆಗಲಿ ಎಂದಷ್ಟೇ ಹೇಳಿ ವಾದನ ಮುಂದುವರಿಸಿದರು. ಸೇವಕ ಮರೆಯಾದೊಡನೆ ಪಿಟೀಲನ್ನೆಸೆದು ಓರಿಯಲ್‌ನತ್ತ ಓಡಿದರು. ತಂದೆ 1824ರಲ್ಲಿ ತೀರಿಕೊಂಡ ನಂತರ ತಾಯಿ, ತಂಗಿಯರು, ತಮ್ಮಂದಿರ ಹೊರೆ ಈ ಗಳಿಕೆಯ ಮೇಲೆಯೇ ನಿಂತಿತು. ವಿದ್ಯೆಯ ಹಿರಿಮೆಯನ್ನು ಸಾರಿದ ಈ ಮನುಷ್ಯ ಸಂಪಾದನೆಯ ಕಷ್ಟ ಅರಿಯದವರೆಂದು ಯಾರೂ ಭಾವಿಸಲಾಗದು.

1825ರಲ್ಲಿ ಆಂಗ್ಲಿಕನ್ ಯಾಜಕದೀಕ್ಷೆ; 1826ರಲ್ಲಿ ಓರಿಯಲ್‌ನಲ್ಲಿ ಪಾಠ ಹೇಳುವ ಟ್ಯೂಟರ್ ಹುದ್ದೆ. ಅವರ ಜೀವನದ ಮುಖ್ಯ ವಿವಾದ ಆರಂಭವಾದದ್ದು ಇಲ್ಲಿಯೇ ಎಂದು ನನ್ನ ಎಣಿಕೆ. ಆ ಕಾಲದ ಟ್ಯೂಟರ್ ಗೊತ್ತಾದ ಗಂಟೆಗೆ ಬಂದು ಗೊತ್ತಾದ ಗ್ರೀಕ್ ಪಾಠ ಒಪ್ಪಿಸಿ ಹೋಗುತ್ತಿದ್ದ. ಹುಡುಗರು ಕುಡಿದರೆ, ಸಾಲ ಮಾಡಿದರೆ, ದಾರಿ ತಪ್ಪಿದರೆ ಅದು ಶಿಸ್ತುಪಾಲಕರ ವಿಷಯ. ನ್ಯೂಮನ್ ಇದನ್ನು ಒಪ್ಪಲಿಲ್ಲ. ತನಗೊಪ್ಪಿಸಲಾದ ವಿದ್ಯಾರ್ಥಿಯ ಬುದ್ಧಿಯ ಜೊತೆ ಅವನ ನಡತೆಗೂ ಆತ್ಮಕ್ಕೂ ಅಧ್ಯಾಪಕನು ಹೊಣೆ. ಯಾಜಕನಾದವನು ಈ ಕೆಲಸವನ್ನು ಯಾಜಕತ್ವದ ಭಾಗವಾಗಿ ಮಾಡದಿದ್ದರೆ ಅದರಲ್ಲಿರಲು ಅವನಿಗೆ ಹಕ್ಕಿಲ್ಲವೆಂದು ವಾದಿಸಿದರು. ಸಂಜೆಯ ನಡಿಗೆಗೆ ಹುಡುಗರನ್ನು ಕರೆದೊಯ್ದರು, ರಜೆಯಲ್ಲಿ ಜೊತೆಗಿರಿಸಿಕೊಂಡರು. ಕಾಲೇಜಿನ ಮುಖ್ಯಸ್ಥ ಹಾಕಿನ್ಸ್ ಅವರಿಗೆ ಇದು ಪಕ್ಷಪಾತದಂತೆಯೂ ಅತಿರೇಕದಂತೆಯೂ ಕಂಡಿತು. 1830ರಿಂದ ನ್ಯೂಮನ್‌ಗೆ ಹೊಸ ವಿದ್ಯಾರ್ಥಿಗಳನ್ನು ಕಳುಹಿಸುವುದನ್ನೇ ಅವರು ನಿಲ್ಲಿಸಿದರು. ಇದ್ದವರು ಓದು ಮುಗಿಸಿ ಹೊರಟಂತೆ, ಎರಡು ವರ್ಷಗಳಲ್ಲಿ ತರಗತಿ ತಾನಾಗಿಯೇ ಬರಿದಾಯಿತು. ಜಗಳವಿಲ್ಲದೆ ಒಬ್ಬ ಅಧ್ಯಾಪಕನನ್ನು ಹೊರಹಾಕುವ ಈ ಉಪಾಯ ಇಂದಿಗೂ ಹಳತಾಗಿಲ್ಲ.

ತರಗತಿ ಹೋದರೂ ವಿಶ್ವವಿದ್ಯಾಲಯದ ಸಂತ ಮರಿಯಳ ದೇವಾಲಯದ ಪೀಠ ಉಳಿದಿತ್ತು. 1828ರಿಂದ ಅಲ್ಲಿ ಪಾಲಕರಾಗಿದ್ದ ಅವರು ಭಾನುವಾರ ಸಂಜೆ ನಾಲ್ಕರ ಹೊತ್ತಿಗೆ ನೀಡುತ್ತಿದ್ದ ಪ್ರಬೋಧನೆಗಳನ್ನು ಕೇಳಲು ವಿದ್ಯಾರ್ಥಿಗಳು ಕಿಕ್ಕಿರಿಯುತ್ತಿದ್ದರು. ಕೈ ಬೀಸುವುದಿಲ್ಲ, ದನಿ ಏರಿಸುವುದಿಲ್ಲ. ಬರೆದುದನ್ನು ಮೆಲುದನಿಯಲ್ಲಿ ಓದುತ್ತಿದ್ದರು, ಅಷ್ಟೆ. 1833ರಲ್ಲಿ ಮೊದಲಾದ ಆಕ್ಸ್‌ಫರ್ಡ್ ಚಳವಳಿಗೆ ಅವರು ಪ್ರಾಣವಾದರು. ಆಂಗ್ಲಿಕನ್ ಸಭೆ ಸರ್ಕಾರದ ಇಲಾಖೆಯಲ್ಲ, ಪ್ರೇಷಿತರಿಂದ ಬಂದ ಸಭೆ ಎಂದು ಸ್ಥಾಪಿಸಲು ಹೊರಟ ಆ ಚಳವಳಿ ಆದಿಮ ಪಿತೃಗಳ ಗ್ರಂಥಗಳನ್ನು ತೆರೆಯಿತು. ಪಿತೃಗಳು ನ್ಯೂಮನ್ ಅವರನ್ನು ತಾವೆಣಿಸದ ಕಡೆಗೆ ಕರೆದೊಯ್ದರು. 1841ರಲ್ಲಿ ಅವರು ಬರೆದ 90ನೆಯ ಕಿರುಹೊತ್ತಗೆಯನ್ನು ವಿಶ್ವವಿದ್ಯಾಲಯವೂ ಬಿಷಪರೂ ಖಂಡಿಸಿದರು. ಅವರು ಲಿಟಲ್‌ಮೋರ್ ಎಂಬ ಹಳ್ಳಿಗೆ ಸರಿದು, ಸಾಲುಮನೆಗಳಂತಿದ್ದ ಕೊಟ್ಟಿಗೆಯಲ್ಲಿ ಪ್ರಾರ್ಥನೆ, ಉಪವಾಸ, ಅಧ್ಯಯನದಲ್ಲಿ ತೊಡಗಿದರು.

1845ರ ಅಕ್ಟೋಬರ್ 8ರ ರಾತ್ರಿ, ಸುರಿಯುವ ಮಳೆಯಲ್ಲಿ ಸಾರೋಟಿನ ಹೊರಮೈ ಮೇಲೆ ಕುಳಿತು ಪ್ರಯಾಣಿಸಿ ಬಂದ ಪ್ಯಾಷನಿಸ್ಟ್ ಸಭೆಯ ಇಟಾಲಿಯನ್ ಗುರು ಡೊಮಿನಿಕ್ ಬಾರ್ಬೆರಿ ಅವರು ಒಲೆಯ ಮುಂದೆ ಬಟ್ಟೆ ಒಣಗಿಸಿಕೊಳ್ಳುತ್ತಿದ್ದಾಗ, ನ್ಯೂಮನ್ ಅವರ ಪಾದಕ್ಕೆರಗಿ ಕಥೋಲಿಕ ಧರ್ಮಸಭೆಗೆ ಸೇರಿಸಿಕೊಳ್ಳುವಂತೆ ಬೇಡಿದರು. ಮರುದಿನ, 9ರಂದು, ಅದು ನೆರವೇರಿತು. ಆ ನಿರ್ಧಾರದ ಬೆಲೆ ಇಂದಿನ ಓದುಗರಿಗೆ ತಟ್ಟನೆ ಹೊಳೆಯಲಾರದು. ಆಂಗ್ಲಿಕನ್ ಸಭೆಯ ಸೂತ್ರಗಳಿಗೆ ಸಹಿ ಹಾಕದವನಿಗೆ ಅಂದಿನ ಆಕ್ಸ್‌ಫರ್ಡಿನಲ್ಲಿ ಸ್ಥಾನವಿರಲಿಲ್ಲ. ಫೆಲೋ ಹುದ್ದೆ ಹೋಯಿತು, ವರಮಾನ ಹೋಯಿತು, ಹಳೆಯ ಗೆಳೆಯರು ದೂರವಾದರು. ತಂಗಿ ಹ್ಯಾರಿಯೆಟ್ ಮತ್ತೆ ಮಾತನಾಡಲಿಲ್ಲ. 1846ರ ಫೆಬ್ರವರಿಯಲ್ಲಿ ಬಿಟ್ಟ ಆಕ್ಸ್‌ಫರ್ಡನ್ನು ಅವರು ಮುಂದೆ 32 ವರ್ಷ ಕಾಲಿಟ್ಟು ನೋಡಲಿಲ್ಲ. ರೈಲಿನ ಕಿಟಕಿಯಿಂದ ಅದರ ಗೋಪುರಗಳನ್ನು ಕಂಡದ್ದುಂಟು.

1847ರ ಮೇ 30ರಂದು ರೋಮಿನಲ್ಲಿ ಗುರುದೀಕ್ಷೆ ಪಡೆದು, ಸಂತ ಫಿಲಿಪ್ ನೇರಿಯವರ ಆರಟರಿಯನ್ನು 1848ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿಸಿದರು. ಅವರು ನೆಲೆಸಿದ್ದು ಬರ್ಮಿಂಗ್‌ಹ್ಯಾಮಿನಲ್ಲಿ: ಲೋಹದ ಕಾರ್ಖಾನೆಗಳ, ಹೊಗೆಯ, ಐರಿಷ್ ವಲಸೆ ಕಾರ್ಮಿಕರ ಊರು. ಅಲ್ಲಿನ ಮೊದಲ ದೇವಾಲಯ ಹಿಂದೆ ಮದ್ಯದ ಭಟ್ಟಿಯಾಗಿದ್ದ ಕಟ್ಟಡ. ಯೂರೋಪಿನ ಶ್ರೇಷ್ಠ ಪಂಡಿತರೊಬ್ಬರು ಕಾರ್ಖಾನೆಯ ಹುಡುಗರಿಗೆ ಜ್ಞಾನೋಪದೇಶ ಹೇಳುತ್ತ, ಸಂಜೆಗಳನ್ನು ಪಾಪನಿವೇದನೆಯ ಪೀಠದಲ್ಲಿ ಕಳೆಯುತ್ತ ಉಳಿದ ಬಾಳನ್ನು ಈ ಕೈಗಾರಿಕಾ ನಗರದಲ್ಲೇ ಸವೆಸಿದರು. 1849ರಲ್ಲಿ ಸಮೀಪದ ಬಿಲ್‌ಸ್ಟನ್‌ನಲ್ಲಿ ಕಾಲರಾ ಹಬ್ಬಿದಾಗ ತಾವಾಗಿ ಅಲ್ಲಿನ ಗುರುಗಳ ನೆರವಿಗೆ ಹೋದರು.

ಈಗ ಐರ್ಲೆಂಡಿನ ಕಥೆ. ಮಹಾಕ್ಷಾಮದ ವರ್ಷಗಳಲ್ಲಿ ಬ್ರಿಟಿಷ್ ಸರ್ಕಾರ ಬೆಲ್‌ಫಾಸ್ಟ್, ಕಾರ್ಕ್, ಗಾಲ್ವೇ ನಗರಗಳಲ್ಲಿ ಮೂರು ಕ್ವೀನ್ಸ್ ಕಾಲೇಜುಗಳನ್ನು ತೆರೆಯಿತು. ಅವುಗಳಲ್ಲಿ ಯಾವ ಮತದ ಬೋಧನೆಗೂ ಪಠ್ಯದಲ್ಲಿ ಎಡೆಯಿರಲಿಲ್ಲ. 1850ರ ಥರ್ಲ್ಸ್ ಸಿನೋಡಿನಲ್ಲಿ ಧರ್ಮಾಧ್ಯಕ್ಷರು ಅವನ್ನು ತಿರಸ್ಕರಿಸಿ ಕಥೋಲಿಕ ವಿಶ್ವವಿದ್ಯಾಲಯವೊಂದನ್ನು ಕಟ್ಟಲು ಸಂಕಲ್ಪಿಸಿದರು. ಮಹಾಧರ್ಮಾಧ್ಯಕ್ಷ ಪಾಲ್ ಕಲ್ಲೆನ್ ಅವರ ಆಹ್ವಾನದ ಮೇರೆಗೆ 1851ರ ನವೆಂಬರ್‌ನಲ್ಲಿ ನ್ಯೂಮನ್ ಅದರ ರೆಕ್ಟರ್ ಆಗಿ ನೇಮಕಗೊಂಡರು. ಹಣ ಎಲ್ಲಿಂದ? ಹಸಿವಿನಿಂದ ಈಗಷ್ಟೇ ಎದ್ದು ನಿಂತ ಜನತೆ ಚರ್ಚಿನ ಬಾಗಿಲಲ್ಲಿ ಹಾಕಿದ ಕಾಸುಗಳಿಂದ. ಈ ಸಂಗತಿ ನ್ಯೂಮನ್ ಅವರ ಮನಸ್ಸಿನಲ್ಲಿ ಕೊನೆಯವರೆಗೂ ಚುಚ್ಚುತ್ತಿತ್ತು.

1852ರ ಮೇ, ಜೂನ್ ತಿಂಗಳ ಐದು ಸೋಮವಾರಗಳಲ್ಲಿ ಡಬ್ಲಿನ್ನಿನ ರೊಟುಂಡಾ ಸಭಾಂಗಣದಲ್ಲಿ ಅವರು ನೀಡಿದ ಉಪನ್ಯಾಸಗಳು ವಿಶ್ವವಿದ್ಯಾಲಯದ ಸ್ವರೂಪವನ್ನು ಕುರಿತ ಅವರ ಪ್ರಸಿದ್ಧ ಗ್ರಂಥಕ್ಕೆ ಬುನಾದಿಯಾದವು. ಅವರ ವಾದ ಸರಳವಾದುದೇ. ಜ್ಞಾನವೆಲ್ಲ ಒಂದು, ದೈವಶಾಸ್ತ್ರವನ್ನು ಅದರಿಂದ ಕಿತ್ತೊಗೆದರೆ ಉಳಿದ ಶಾಸ್ತ್ರಗಳು ಆ ಖಾಲಿ ಜಾಗಕ್ಕೆ ಹರಿದು ತಮ್ಮ ಮೇರೆ ಮೀರುತ್ತವೆ. ಹಾಗೆಂದು ವಿಶ್ವವಿದ್ಯಾಲಯ ಗುರುಮಠವೂ ಅಲ್ಲ. ಅದರ ನೇರ ಉದ್ದೇಶ ಸಂತರನ್ನು ತಯಾರಿಸುವುದಲ್ಲ, ಬುದ್ಧಿಯನ್ನು ಹದಗೊಳಿಸುವುದು. ಹೀಗೆ ಹದಗೊಂಡ ಬುದ್ಧಿ ಯಾವ ವೃತ್ತಿಗೆ ಹೋದರೂ ಅಲ್ಲಿ ಉಪಯುಕ್ತವಾಗುತ್ತದೆ, ಆದರೆ ಅದರ ಬೆಲೆಯನ್ನು ಆ ಉಪಯೋಗದಿಂದಲೇ ಅಳೆಯಲಾಗದು. ಆರೋಗ್ಯವಂತ ದೇಹದ ಬೆಲೆಯನ್ನು ಅದು ಹೊರುವ ಮೂಟೆಯ ತೂಕದಿಂದ ನಾವು ಅಳೆಯುವುದಿಲ್ಲವಷ್ಟೆ. ಉಪನ್ಯಾಸದ ಇನ್ನೊಂದು ಎಳೆ ನಮ್ಮ ನಾಡನ್ನು ನೇರವಾಗಿ ಮುಟ್ಟುತ್ತದೆ. ವಿದ್ಯಾರ್ಥಿಗಳು ಕೂಡಿ ಬಾಳುವ ನೆಲೆಯಿಲ್ಲದೆ, ಬಂದವರಿಗೆಲ್ಲ ಪರೀಕ್ಷೆ ನಡೆಸಿ ಪದವಿ ಹಂಚುವ ವಿಶ್ವವಿದ್ಯಾಲಯಕ್ಕಿಂತ, ಅಧ್ಯಾಪಕರೂ ಪರೀಕ್ಷೆಯೂ ಇಲ್ಲದೆ ಯುವಕರನ್ನು ಕೆಲವು ವರ್ಷ ಒಟ್ಟಿಗಿರಿಸಿ ಕಳುಹಿಸುವ ವಿಶ್ವವಿದ್ಯಾಲಯವೇ ಮೇಲೆಂದು ಅವರು ಅತಿಶಯದಿಂದಲೇ ಹೇಳಿದರು. ಅವರ ಮನಸ್ಸಿನಲ್ಲಿದ್ದುದು ಲಂಡನ್ ವಿಶ್ವವಿದ್ಯಾಲಯದ ಮಾದರಿ. 1857ರಲ್ಲಿ, ನ್ಯೂಮನ್ ಇನ್ನೂ ಡಬ್ಲಿನ್ನಿನಲ್ಲಿ ರೆಕ್ಟರ್ ಆಗಿದ್ದಾಗಲೇ, ಕಲ್ಕತ್ತ, ಬೊಂಬಾಯಿ, ಮದ್ರಾಸುಗಳಲ್ಲಿ ಅದೇ ಮಾದರಿಯ ವಿಶ್ವವಿದ್ಯಾಲಯಗಳು ಹುಟ್ಟಿದವು. 1880ರ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು, 1882ರ ಬೆಂಗಳೂರಿನ ಸಂತ ಜೋಸೆಫರ ಕಾಲೇಜು ಎರಡೂ ತಮ್ಮ ಆರಂಭದ ದಿನಗಳಲ್ಲಿ ಮದ್ರಾಸಿನ ಪರೀಕ್ಷೆಗೆ ಮಕ್ಕಳನ್ನು ಸಿದ್ಧಗೊಳಿಸಿದವು. ಪಾಠ ಹೇಳುವವರು ಒಬ್ಬರು, ಅಳೆಯುವವರು ದೂರದ ಇನ್ನೊಬ್ಬರು ಎಂಬ ಈ ಏರ್ಪಾಡು ನಮ್ಮಲ್ಲಿ ಎಷ್ಟು ರಕ್ತಗತವಾಯಿತೆಂದರೆ, ಪರೀಕ್ಷೆಗೆ ಬಾರದ ಪಾಠ ಪಾಠವೇ ಅಲ್ಲವೆಂದು ಮಕ್ಕಳು ಮಾತ್ರವಲ್ಲ, ಹಿರಿಯರೂ ನಂಬಿದ್ದಾರೆ. ಸಂತ ಜೋಸೆಫರ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಗಿದೆ, ಸಂತ ಅಲೋಶಿಯಸ್ 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ಪಡೆದಿದೆ. ಅಳತೆಗೋಲು ಈಗ ಅವರ ಕೈಯಲ್ಲೇ ಇದೆ. ನ್ಯೂಮನ್ ಎತ್ತಿದ ಪ್ರಶ್ನೆಯೂ ಅದರ ಜೊತೆಗೇ ಬಂದಿದೆ.

ಕಥೋಲಿಕ ವಿಶ್ವವಿದ್ಯಾಲಯ 1854ರ ನವೆಂಬರ್ 3ರಂದು ಡಬ್ಲಿನ್ನಿನ ಸಂತ ಸ್ಟೀಫನ್ಸ್ ಗ್ರೀನ್ ಉದ್ಯಾನದ ಎದುರಿನ 86ನೆಯ ಸಂಖ್ಯೆಯ ಮನೆಯಲ್ಲಿ ಆರಂಭವಾಯಿತು. ಮೊದಲ ದಿನ ಬಂದವರು ಸುಮಾರು ಇಪ್ಪತ್ತು ಹುಡುಗರು. ನ್ಯೂಮನ್ ಓರಿಯಲ್‌ನಲ್ಲಿ ಮಾಡಗೊಡದಿದ್ದುದನ್ನು ಇಲ್ಲಿ ಮಾಡಿದರು. ವಿದ್ಯಾರ್ಥಿಗಳನ್ನು ಒಂದೇ ದೊಡ್ಡ ಕಟ್ಟಡದಲ್ಲಿ ತುಂಬದೆ ಚಿಕ್ಕ ಚಿಕ್ಕ ಮನೆಗಳಲ್ಲಿ ಹಂಚಿ, ಪ್ರತಿ ಮನೆಗೂ ಒಬ್ಬ ಹಿರಿಯ ಗುರು, ಯುವ ಟ್ಯೂಟರುಗಳು, ಪುಟ್ಟ ಪ್ರಾರ್ಥನಾಲಯ ಇರುವಂತೆ ಏರ್ಪಡಿಸಿದರು. ಹಾರ್ಕೋರ್ಟ್ ಬೀದಿಯ ಒಂದು ಮನೆಗೆ ತಾವೇ ಹಿರಿಯರಾಗಿ ಹುಡುಗರೊಡನೆ ಉಂಡು ಬಾಳಿದರು. ಹದಿನೆಂಟರ ಯುವಕನನ್ನು ಎಂಟರ ಬಾಲಕನಂತೆ ಕಾಯ್ದು ನಂತರ ಒಮ್ಮೆಗೇ ಲೋಕದೊಳಕ್ಕೆ ತಳ್ಳುವುದು ಕ್ರೌರ್ಯವೆಂದು ಅವರ ಅಭಿಪ್ರಾಯ. ಆದ್ದರಿಂದ ಸಂಜೆ ಹೊರಹೋಗಲು ಬಿಟ್ಟರು, ಬಿಲಿಯರ್ಡ್ಸ್ ಮೇಜೊಂದನ್ನು ಹಾಕಿಸಿದರು. ಹುಡುಗರು ನೃತ್ಯಕೂಟಗಳಿಗೆ ಹೋಗುತ್ತಾರೆ, ಹೊಗೆ ಸೇದುತ್ತಾರೆ ಎಂಬ ದೂರು ಮಹಾಧರ್ಮಾಧ್ಯಕ್ಷರ ಲೇಖನಿಯಿಂದ ರೋಮಿನವರೆಗೂ ಹೋಯಿತು.

ಬುದ್ಧಿಯ ಸಂಸ್ಕಾರವನ್ನು ಕುರಿತು ಅಷ್ಟು ಮಾತನಾಡಿದವರು ವೃತ್ತಿಶಿಕ್ಷಣವನ್ನು ಕೀಳಾಗಿ ಕಂಡರೆಂದು ಕೆಲವರು ಬರೆದಿದ್ದಾರೆ. ನಡೆದ ಸಂಗತಿಗಳು ಬೇರೆಯೇ ಹೇಳುತ್ತವೆ. ಸಿಸಿಲಿಯಾ ಬೀದಿಯಲ್ಲಿ ಮಾರಾಟಕ್ಕಿದ್ದ ವೈದ್ಯಶಾಲೆಯೊಂದನ್ನು ಸದ್ದಿಲ್ಲದೆ ಕೊಂಡು 1855ರಲ್ಲಿ ವೈದ್ಯಕೀಯ ವಿಭಾಗ ತೆರೆದರು. ಇಡೀ ವಿಶ್ವವಿದ್ಯಾಲಯದಲ್ಲಿ ಚೆನ್ನಾಗಿ ಬೆಳೆದದ್ದು ಅದೇ. 1858ರಲ್ಲಿ ದುಡಿಯುವ ಯುವಕರಿಗಾಗಿ ಸಂಜೆ ತರಗತಿಗಳು ನಡೆದವು. ಐರಿಷ್ ಭಾಷೆಯ ಹಳೆಯ ಹಸ್ತಪ್ರತಿಗಳನ್ನು ಬಲ್ಲ, ಯಾವ ಪದವಿಯೂ ಇಲ್ಲದ ಯೂಜೀನ್ ಓ'ಕರ್ರಿ ಎಂಬ ವಿದ್ವಾಂಸರನ್ನು ಪ್ರಾಧ್ಯಾಪಕರನ್ನಾಗಿ ನೇಮಿಸಿ, ಅವರ ಉಪನ್ಯಾಸಗಳಿಗೆ ಇಂಗ್ಲಿಷಿನವರಾದ ರೆಕ್ಟರರೇ ಬಂದು ಕೂರುತ್ತಿದ್ದರು. ತಾಯ್ನುಡಿಯಲ್ಲಿ ಪೂಜಿಸಲು, ಓದಲು ಹೋರಾಡಿದ ಕನ್ನಡ ಕಥೋಲಿಕರು ಈ ಒಂದು ಚಿತ್ರವನ್ನು ಮೆಚ್ಚದಿರಲಾರರು. 1856ರಲ್ಲಿ ವಿಶ್ವವಿದ್ಯಾಲಯದ ದೇವಾಲಯ ಸಿದ್ಧವಾಯಿತು. ಬೈಜಾಂಟಿನ್ ಶೈಲಿಯ ಆ ಕಟ್ಟಡದ ವೆಚ್ಚಕ್ಕೆ, ಹಿಂದೊಮ್ಮೆ ಮಾನನಷ್ಟ ಮೊಕದ್ದಮೆಯಲ್ಲಿ ತಮ್ಮ ನೆರವಿಗೆ ಜನ ಕೂಡಿಸಿದ್ದ ನಿಧಿಯಲ್ಲಿ ಮಿಕ್ಕ ಹಣವನ್ನೂ ತೊಡಗಿಸಿದರು.

ಸೋತದ್ದೆಲ್ಲಿ? ಮೊದಲ ಕಾರಣ ಸರ್ಕಾರದ್ದು. ವಿಶ್ವವಿದ್ಯಾಲಯಕ್ಕೆ ರಾಜಸನ್ನದು ದೊರೆಯಲಿಲ್ಲ. ಸನ್ನದಿಲ್ಲದೆ ಅದು ನೀಡುವ ಪದವಿಗೆ ಮಾನ್ಯತೆಯಿಲ್ಲ. ವೈದ್ಯಕೀಯದ ಹುಡುಗರಿಗೆ ಬೇರೆ ಮಂಡಳಿಗಳ ಪರವಾನಗಿ ಸಿಗುತ್ತಿದ್ದುದರಿಂದ ಅಲ್ಲಿ ತರಗತಿ ತುಂಬಿತು, ಉಳಿದೆಡೆ ತುಂಬಲಿಲ್ಲ. ಐರಿಷ್ ತಂದೆತಾಯಿಯರನ್ನು ಇದಕ್ಕಾಗಿ ದೂಷಿಸಲು ನನಗೆ ಮನಸ್ಸಿಲ್ಲ. ಮನೆಯ ಆಶೀರ್ವಾದಕ್ಕೆಂದು ಹೋದಾಗ, ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ, ಸ್ವಾಮಿ, ಯಾವ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಚೆನ್ನಾಗಿದೆ ಎಂದು ಕೇಳುವ ತಾಯಂದಿರ ಪ್ರಶ್ನೆಯೂ ಅದೇ ತಾನೆ? ಸಾಲ ಮಾಡಿ ಓದಿಸುವವರು ಕೇಳಲೇಬೇಕಾದ ಪ್ರಶ್ನೆ ಅದು. ನ್ಯೂಮನ್ ಅದಕ್ಕೆ ಪೂರ್ಣ ಉತ್ತರ ಕೊಟ್ಟರೆಂದು ನಾನು ಹೇಳಲಾರೆ; ಆ ಪ್ರಶ್ನೆಯೊಂದೇ ಸಾಲದೆಂದು ಅವರು ತೋರಿಸಿದರು.

ಎರಡನೆಯ ಕಾರಣ ನಮ್ಮೊಳಗಿನದು. ಕಲ್ಲೆನ್ ದಕ್ಷರು, ಬಡವರ ಬಂಧು, ಐರಿಷ್ ಧರ್ಮಸಭೆಯನ್ನು ಪುನರ್ನಿರ್ಮಿಸಿದವರು. ಅವರನ್ನು ಖಳನಾಯಕರನ್ನಾಗಿಸುವ ಜೀವನಚರಿತ್ರೆಗಳನ್ನು ನಾನು ಒಪ್ಪುವುದಿಲ್ಲ. ಆದರೆ ಅಧಿಕಾರವನ್ನು ಹಂಚಿಕೊಳ್ಳುವುದು ಅವರಿಗೆ ತಿಳಿಯದು. ರೆಕ್ಟರರ ಪತ್ರಗಳಿಗೆ ತಿಂಗಳುಗಟ್ಟಲೆ ಉತ್ತರವಿರುತ್ತಿರಲಿಲ್ಲ. ಟುವಾಮಿನ ಮಹಾಧರ್ಮಾಧ್ಯಕ್ಷ ಮ್ಯಾಕ್‌ಹೇಲ್ ಅವರಿಗೆ ಇಡೀ ಯೋಜನೆಯ ಮೇಲೆಯೇ ಮುನಿಸು. ಜನರ ಹಣವಾದುದರಿಂದ ಲೆಕ್ಕಪತ್ರವನ್ನು ಶ್ರೀಸಾಮಾನ್ಯರ ಸಮಿತಿಯೊಂದು ನೋಡಿಕೊಳ್ಳಲೆಂದು ನ್ಯೂಮನ್ ಮತ್ತೆ ಮತ್ತೆ ಕೇಳಿದರು, ಅದು ನಡೆಯಲಿಲ್ಲ. 1854ರ ಆರಂಭದಲ್ಲಿ ಅವರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡಲಾಗುವುದೆಂದು ಕಾರ್ಡಿನಲ್ ವೈಸ್‌ಮನ್ ತಿಳಿಸಿದ್ದರು. ಸ್ನೇಹಿತರು ಶಿಲುಬೆಯನ್ನೂ ಸರವನ್ನೂ ಉಡುಗೊರೆ ಕಳುಹಿಸಿಯೂ ಬಿಟ್ಟಿದ್ದರು. ನೇಮಕ ಬರಲೇ ಇಲ್ಲ, ಏಕೆಂದು ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಬರ್ಮಿಂಗ್‌ಹ್ಯಾಮಿನ ಆರಟರಿಗೂ ಡಬ್ಲಿನ್ನಿಗೂ ನಡುವೆ 56 ಬಾರಿ ಸಮುದ್ರ ದಾಟಿ ದಣಿದ ಅವರು 1858ರ ನವೆಂಬರ್ 12ರಂದು ಪದತ್ಯಾಗ ಮಾಡಿದರು.

ಶ್ರೀಸಾಮಾನ್ಯರ ವಿಷಯದಲ್ಲಿ ಕಲಿತ ಪಾಠ ವ್ಯರ್ಥವಾಗಲಿಲ್ಲ. 1859ರಲ್ಲಿ ಒಂದು ನಿಯತಕಾಲಿಕದ ಸಂಪಾದಕರಾಗಿದ್ದಾಗ, ವಿಶ್ವಾಸದ ವಿಷಯದಲ್ಲಿಯೂ ವಿಶ್ವಾಸಿಗಳ ಮನಸ್ಸನ್ನು ಅರಿಯಬೇಕೆಂದು ಅವರು ಲೇಖನ ಬರೆದರು. ನಾಲ್ಕನೆಯ ಶತಮಾನದಲ್ಲಿ ಅನೇಕ ಧರ್ಮಾಧ್ಯಕ್ಷರು ಆರಿಯಸನ ಪಾಷಂಡಮತದತ್ತ ವಾಲಿದಾಗ ಪ್ರಭುವಿನ ದೈವತ್ವವನ್ನು ಎತ್ತಿಹಿಡಿದವರಲ್ಲಿ ಸಾಮಾನ್ಯ ಜ್ಞಾನಸ್ನಾನಿತರೇ ಮುಂದಿದ್ದರೆಂಬುದು ಅವರು ಕೊಟ್ಟ ನಿದರ್ಶನ. ಧರ್ಮಾಧ್ಯಕ್ಷರೊಬ್ಬರು ಅದನ್ನು ರೋಮಿಗೆ ದೂರಿತ್ತರು. ಅಲ್ಲಿಂದ ಮುಂದೆ ಹಲವು ವರ್ಷ ಅವರ ಮೇಲೆ ಸಂದೇಹದ ನೆರಳು ಬಿದ್ದಿತು. ಆಕ್ಸ್‌ಫರ್ಡಿನಲ್ಲಿ ಆರಟರಿ ತೆರೆಯುವ ಯೋಜನೆಗಳೂ ಮುರಿದುಬಿದ್ದವು. ಅವರು 1859ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ತೆರೆದ ಶಾಲೆಯನ್ನು ನೋಡಿಕೊಳ್ಳುತ್ತ, ಹುಡುಗರಿಂದ ಲ್ಯಾಟಿನ್ ನಾಟಕ ಆಡಿಸುತ್ತ, ಗ್ರಂಥಭಂಡಾರದ ಪುಸ್ತಕಗಳನ್ನು ಜೋಡಿಸುತ್ತ ಇದ್ದುಬಿಟ್ಟರು.

1864ರಲ್ಲಿ ಚಾರ್ಲ್ಸ್ ಕಿಂಗ್ಸ್‌ಲಿ ಎಂಬ ಹೆಸರಾಂತ ಸಾಹಿತಿ ಪತ್ರಿಕೆಯೊಂದರಲ್ಲಿ, ಕಥೋಲಿಕ ಗುರುಗಳಿಗೆ ಸತ್ಯನಿಷ್ಠೆ ಬೇಕಿಲ್ಲವೆಂಬುದೇ ನ್ಯೂಮನ್ ಬೋಧನೆಯೆಂದು ಆರೋಪಿಸಿದ. ಅದಕ್ಕೆ ಉತ್ತರವಾಗಿ ನ್ಯೂಮನ್ ತಮ್ಮ ಧಾರ್ಮಿಕ ಅಭಿಪ್ರಾಯಗಳ ಚರಿತ್ರೆಯನ್ನು ಏಪ್ರಿಲ್‌ನಿಂದ ಜೂನ್‌ವರೆಗೆ ವಾರಕ್ಕೊಂದು ಕಂತಿನಂತೆ ಬರೆದರು. ನಿಂತೇ ಬರೆದರು, ಒಮ್ಮೆ 22 ಗಂಟೆ ಎಡೆಬಿಡದೆ, ಅಳುತ್ತ ಬರೆದರು. ಆ ಆತ್ಮಕಥನ ಓದಿದ ಇಂಗ್ಲೆಂಡ್ ತಾನು ಕಳೆದುಕೊಂಡಿದ್ದ ಮನುಷ್ಯನನ್ನು ಮತ್ತೆ ಗುರುತಿಸಿತು. 1870ರಲ್ಲಿ ಬಂದ ಅವರ ತತ್ತ್ವಗ್ರಂಥ, ಮನುಷ್ಯರು ನಿಜಕ್ಕೂ ಹೇಗೆ ನಿಶ್ಚಯಕ್ಕೆ ಬರುತ್ತಾರೆಂಬುದನ್ನು ವಿಚಾರಿಸುತ್ತದೆ. ಗುರುಮಠದ ತತ್ತ್ವಶಾಸ್ತ್ರದ ತರಗತಿಗಳಲ್ಲಿ ನಮ್ಮನ್ನು ಬೆವರಿಳಿಸಿದ ಆ ವಾದವನ್ನು ಪೀಣ್ಯದಲ್ಲಿ ಸುಲಭವಾಗಿ ವಿವರಿಸಬಹುದು. ಇಪ್ಪತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತ ಕಾರ್ಮಿಕ, ಅದರ ದನಿ ತುಸು ಬದಲಾದೊಡನೆ ಉಳಿಯ ಮೊನೆ ಸವೆದಿದೆಯೆಂದು ಅರಿಯುತ್ತಾನೆ. ಹೇಗೆ ತಿಳಿಯಿತೆಂದು ಕೇಳಿದರೆ ಸೂತ್ರ ಹೇಳಲಾರ, ಆದರೂ ಅವನ ತೀರ್ಮಾನ ಕುರುಡು ಊಹೆಯಲ್ಲ. ಸಾವಿರ ಸಣ್ಣ ಸೂಚನೆಗಳು ಒಂದೆಡೆ ಕೂಡಿ ಅನುಭವಸ್ಥ ಮನಸ್ಸಿನಲ್ಲಿ ನಿಶ್ಚಯವಾಗುತ್ತವೆ. ಅರಿಸ್ಟಾಟಲನ ವಿವೇಕದ ಪರಿಕಲ್ಪನೆಗೆ ಋಣಿಯಾದ ಈ ಶಕ್ತಿಯಿಂದಲೇ ಓದುಬರಹವಿಲ್ಲದ ಅಜ್ಜಿಯೂ ದೇವರನ್ನು ನ್ಯಾಯಬದ್ಧವಾಗಿ ನಂಬುತ್ತಾಳೆ ಎಂಬುದು ನ್ಯೂಮನ್ ವಾದ. ಅಂಥ ವಿವೇಕವನ್ನು ಪಠ್ಯಪುಸ್ತಕ ಕೊಡಲಾರದು. ಅದು ಬಲ್ಲವರ ಪಕ್ಕದಲ್ಲಿದ್ದು ಬರುವಂಥದು. ಡಬ್ಲಿನ್ನಿನ ಚಿಕ್ಕ ಮನೆಗಳ ಹಿಂದಿದ್ದ ವಿಚಾರವೂ ಇದೇ.

ಉಳಿದದ್ದು ಸಂತೋಷದ ಕಥೆ. ಪರೀಕ್ಷೆಯಲ್ಲಿ ಅವರು ಕುಸಿದಾಗ ನೊಂದಿದ್ದ ಟ್ರಿನಿಟಿ ಕಾಲೇಜು 1877ರಲ್ಲಿ ಅವರನ್ನು ತನ್ನ ಮೊದಲ ಗೌರವ ಫೆಲೋ ಆಗಿ ಆರಿಸಿತು; ಮರುವರ್ಷ ಫೆಬ್ರವರಿಯಲ್ಲಿ ಅವರು ಮತ್ತೆ ಆಕ್ಸ್‌ಫರ್ಡಿಗೆ ಹೋಗಿ ಹಳೆಯ ಅಧ್ಯಾಪಕರನ್ನು ಕಂಡರು. 1879ರ ಮೇ ತಿಂಗಳಲ್ಲಿ ಜಗದ್ಗುರು 13ನೇ ಲಿಯೋ ಅವರು ಕಾರ್ಡಿನಲ್ ಪದವಿ ನೀಡಿದಾಗ, ತಮ್ಮ ಮೇಲಿನ ಮೋಡ ಸರಿಯಿತೆಂದು ಅವರು ನಿಟ್ಟುಸಿರಿಟ್ಟರು. ರೋಮಿನಲ್ಲಿ ನೆಲೆಸದೆ ಬರ್ಮಿಂಗ್‌ಹ್ಯಾಮಿನಲ್ಲೇ ಇರಲು ಅನುಮತಿ ಪಡೆದರು. 1890ರ ಆಗಸ್ಟ್ 11ರಂದು, 89ರ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು; ಅಂತ್ಯಯಾತ್ರೆಗೆ ಬೀದಿಯುದ್ದಕ್ಕೂ ಸಾವಿರಾರು ಜನ ನಿಂತಿದ್ದರು. 2008ರಲ್ಲಿ ರೆಡ್ನಾಲ್‌ನ ಸಮಾಧಿಯನ್ನು ತೆರೆದಾಗ ತೇವದ ಮಣ್ಣಿನಲ್ಲಿ ದೇಹದ ಅವಶೇಷವೇನೂ ಉಳಿದಿರಲಿಲ್ಲ. 2010ರಲ್ಲಿ ಜಗದ್ಗುರು 16ನೇ ಬೆನೆಡಿಕ್ಟ್ ಅವರು ಬರ್ಮಿಂಗ್‌ಹ್ಯಾಮಿನಲ್ಲೇ ಅವರನ್ನು ಪುನೀತರೆಂದು ಘೋಷಿಸಿದರು. 2019ರ ಅಕ್ಟೋಬರ್ 13ರಂದು ಜಗದ್ಗುರು ಫ್ರಾನ್ಸಿಸ್ ಅವರಿಂದ ಸಂತಪದವಿ ದೊರೆತಾಗ, ಅದೇ ಪೂಜೆಯಲ್ಲಿ ನೆರೆಯ ಕೇರಳದ ಮರಿಯಂ ತ್ರೇಸ್ಯಾ ಅವರೂ ಸಂತರೆನಿಸಿದರು. ವಿಶ್ವವಿದ್ಯಾಲಯದ ಪಂಡಿತ ಮತ್ತು ತ್ರಿಶೂರಿನ ಬಡ ಕುಟುಂಬಗಳ ಮನೆಬಾಗಿಲಿಗೆ ನಡೆದ ಭಗಿನಿ, ಇಬ್ಬರ ಚಿತ್ರಗಳೂ ಅಂದು ಸಂತ ಪೇತ್ರರ ಮಹಾದೇವಾಲಯದ ಮುಂದೆ ಅಕ್ಕಪಕ್ಕ ತೂಗಿದ್ದವು.

ಡಬ್ಲಿನ್ನಿನಲ್ಲಿ ಅವರು ಬಿಟ್ಟುಬಂದ ಸಂಸ್ಥೆ 1882ರಲ್ಲಿ ಯೂನಿವರ್ಸಿಟಿ ಕಾಲೇಜ್ ಎಂಬ ಹೆಸರು ಪಡೆಯಿತು. ಮರುವರ್ಷ ಯೇಸುಸಭೆಯವರು ಅದರ ಹೊಣೆ ಹೊತ್ತರು. 1866ರಲ್ಲಿ ನ್ಯೂಮನ್ ಅವರಿಂದಲೇ ಧರ್ಮಸಭೆಗೆ ಸೇರಿಸಲ್ಪಟ್ಟಿದ್ದ ಕವಿ ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ 1884ರಿಂದ ಅಲ್ಲಿ ಗ್ರೀಕ್ ಕಲಿಸಿದರು. ಮುಂದೆ ಜೇಮ್ಸ್ ಜಾಯ್ಸ್ ಅಲ್ಲಿ ಓದಿದರು. 1908ರ ಕಾಯಿದೆಯಿಂದ ಅದು ರಾಷ್ಟ್ರೀಯ ವಿಶ್ವವಿದ್ಯಾಲಯದ ಅಂಗವಾಗಿ, ಸಿಸಿಲಿಯಾ ಬೀದಿಯ ವೈದ್ಯಶಾಲೆಯನ್ನೂ ತನ್ನೊಳಗೆ ಸೇರಿಸಿಕೊಂಡು, ಇಂದು ಐರ್ಲೆಂಡಿನ ಅತಿ ದೊಡ್ಡ ವಿಶ್ವವಿದ್ಯಾಲಯವಾಗಿದೆ. ಇಪ್ಪತ್ತು ಹುಡುಗರು ಬಂದ 86ನೆಯ ಸಂಖ್ಯೆಯ ಮನೆಯಲ್ಲಿ 2019ರಿಂದ ಐರಿಷ್ ಸಾಹಿತ್ಯದ ವಸ್ತುಸಂಗ್ರಹಾಲಯವಿದೆ. ಪಕ್ಕದ ದೇವಾಲಯದಲ್ಲಿ ಬಲಿಪೂಜೆ ಈಗಲೂ ನಡೆಯುತ್ತದೆ.